ಏಳನೇ ಪುಟದ ಹನ್ನೊಂದನೇ ಪ್ರಶ್ನೆಗೆ

ಕ್ಯಾನ್ಸರ್ ವಿಮೆಯ ಅರ್ಜಿಯ ಏಳನೇ ಪುಟದ ಕೆಳತುದಿಯಲ್ಲಿ, ಎಳ್ಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ವಾಸವಾಗಿರುವ ಹನ್ನೊಂದನೇ ಪ್ರಶ್ನೆಯವರ ಸನ್ನಿಧಾನಕ್ಕೆ, ಗೋಕಾಕ ತಾಲೂಕಿನ ಅಂಕಲಗಿಯಿಂದ, ಜಂಪರ್ ಹೊಲಿದು ಬದುಕುವ ಶೋಭಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಪತ್ರದ ಮೊದಲಿಗೆ 'ನಾವೆಲ್ಲರೂ ಕ್ಷೇಮ' ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ. ಆದರೆ ವಾಡಿಕೆಗೆಂದು ಬರೆದ ಆ ಒಂದು ಸಾಲನ್ನೇ ನಾಳೆ ಮುಂದೆ ಹಿಡಿದು 'ಅರ್ಜಿದಾರರು ಸುಳ್ಳು ಮಾಹಿತಿ ಕೊಟ್ಟಿದ್ದಾರೆ' ಎಂದು ತಾವು ಷರಾ ಬರೆದೀರೆಂಬ ಭಯದಿಂದ ಅದನ್ನು ಕೈಬಿಟ್ಟಿದ್ದೇನೆ. ನಾವು ಕ್ಷೇಮವಾಗಿಲ್ಲ. ನನ್ನ ಅತ್ತೆ ತಾಯವ್ವನವರಿಗೆ ಐವತ್ತೆಂಟನೇ ವಯಸ್ಸಿಗೆ ಬಾಯಿಯ ಕ್ಯಾನ್ಸರ್ ಬಂದಿದೆ, ಕೂಡಿಟ್ಟಿದ್ದೆಲ್ಲ ಖರ್ಚಾಗಿ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಮುಗಿದಿದೆ, ಇನ್ನೆರಡು ವಾರದೊಳಗೆ ವಿಕಿರಣ ಚಿಕಿತ್ಸೆ ಶುರುವಾಗಲೇಬೇಕೆಂದು ಡಾಕ್ಟರು ಹೇಳಿದ್ದಾರೆ, ಮತ್ತು ಇಂಥದೇ ದಿನಕ್ಕೆಂದು ಮಾಡಿಸಿಟ್ಟಿದ್ದ ಐದು ಲಕ್ಷದ ಪಾಲಿಸಿಯ ಕ್ಲೇಮನ್ನು ತಮ್ಮ ಕಂಪನಿಯು ತಮ್ಮ ಹೆಸರು ಹೇಳಿ ತಿರಸ್ಕರಿಸಿದೆ.

ಅತ್ತೆಯವರ ಹೆಸರಿನಲ್ಲಿ ಪಾಲಿಸಿ ಮಾಡಿಸಿದವಳು ನಾನೇ. ಮಮದಾಪುರದ ನನ್ನ ಚಿಕ್ಕಮ್ಮನಿಗೆ ಇದೇ ಬೇನೆ ಬಂದಾಗ ಮನೆಯವರೆಲ್ಲ ಆಸ್ಪತ್ರೆಗಿಂತ ಹೆಚ್ಚು ನೆಂಟರ ಬಾಗಿಲಿಗೇ ಅಲೆದದ್ದನ್ನು ಕಣ್ಣಾರೆ ಕಂಡಿದ್ದೆ. ನಮ್ಮ ಮನೆಯಲ್ಲಿ ಹಾಗಾಗಬಾರದೆಂದು ತಿಂಗಳಿಗೆ ಏಳು ಜಂಪರ್ ಹೊಲಿದ ದುಡ್ಡನ್ನು ತಮ್ಮ ಪಾದಕ್ಕೆ ಮುಡಿಪಾಗಿಟ್ಟೆ. ಪ್ರತಿ ತಿಂಗಳ ಐದನೇ ತಾರೀಖು ಕೋಳಿ ಕೂಗುವ ಮೊದಲೇ ಆ ಹಣ ನನ್ನ ಖಾತೆಯಿಂದ ಕಡಿತವಾಗುತ್ತಿತ್ತು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಅದು ಒಂದು ದಿನವೂ ತಡವಾಗಲಿಲ್ಲ, ಮತ್ತು ಆಗೆಲ್ಲ ತಾವು ಒಮ್ಮೆಯೂ ತುಟಿ ಬಿಚ್ಚಲಿಲ್ಲ. ಇಂಥ ಗಂಭೀರ ಸ್ವಭಾವ ಈಗಿನ ಕಾಲದಲ್ಲಿ ಅಪರೂಪ.

ತಾವು ನಮ್ಮ ಮನೆಗೆ ಬಂದ ದಿನ ತಮಗೆ ನೆನಪಿರಲಾರದು, ಏಕೆಂದರೆ ತಮ್ಮನ್ನು ಯಾರೂ ಓದಲಿಲ್ಲ. ಮೂಡಲಗಿಯಿಂದ ತಮ್ಮನ್ನು ಚೀಲದಲ್ಲಿ ಹಾಕಿಕೊಂಡು ಬಂದ ಏಜೆಂಟ್ ಶಿವಪುತ್ರ ನಮಗೆ ದೂರದ ನೆಂಟ. ಕಟ್ಟೆಯ ಮೇಲೆ ಕುಳಿತು ಅರ್ಜಿ ತುಂಬುತ್ತಿದ್ದ. ಅತ್ತೆಯವರು ಅವನ ಎದುರಿಗೇ ಕುಳಿತು ಬೆರಳಿಗೆ ಮಿಶ್ರಿ ಹಚ್ಚಿಕೊಂಡು ಹಲ್ಲು ತಿಕ್ಕುತ್ತಿದ್ದರು. 'ತಂಬಾಕನ್ನು ಯಾವುದೇ ರೂಪದಲ್ಲಿ ಬಳಸುತ್ತೀರಾ' ಎಂಬುದು ತಮ್ಮ ಇಂಗ್ಲಿಷಿನ ಅರ್ಥವೆಂದು ನನಗೆ ತಿಳಿದದ್ದು ಮೊನ್ನೆ. ಅಂದು ಶಿವಪುತ್ರ ಕೇಳಿದ್ದು, "ಕಾಕೂ, ಬೀಡಿ, ಗುಟಖಾ ಏನರ ಚಟ ಐತೇನ್ರಿ ನಿಮಗ?" ಎಂದು. ಅತ್ತೆಯವರು ಪಕ್ಕಕ್ಕೆ ಉಗುಳಿ, ಬಾಯಿ ಒರೆಸಿಕೊಂಡು, "ಏ, ನನಗ್ಯಾವ ಚಟಾನೂ ಇಲ್ಲಪಾ. ಚಾ ಒಂದ ಬಿಡಾಕ ಆಗವಲ್ದು, ಬೇಕಾರ ಅದನ್ನ ಬರಕೋ" ಎಂದರು. ಚಹಾ ಬರೆದುಕೊಳ್ಳಲು ತಮ್ಮಲ್ಲಿ ಜಾಗವಿರಲಿಲ್ಲ. ಶಿವಪುತ್ರ 'ಇಲ್ಲ' ಎಂಬಲ್ಲಿ ಗುರುತು ಹಾಕಿದ. ಹೋಗುವಾಗ ಓಣಿಯ ಅಂಗಡಿಯಲ್ಲಿ ತನ್ನ ತಾಯಿಗೆಂದು ಎರಡು ಡಬ್ಬಿ ಮಿಶ್ರಿಯನ್ನೂ ಕೊಂಡುಕೊಂಡು ಹೋದ.

ಪುಟ ಬಿಟ್ಟು ಹೊರಗೆ ಕಾಲಿಡದ ತಮಗೆ ಮಿಶ್ರಿ ಎಂದರೇನೆಂದು ಯಾರು ಹೇಳಬೇಕು? ತಂಬಾಕಿನ ಎಲೆಯನ್ನು ಕರ್ರಗೆ ಹುರಿದು ಮಾಡಿದ ಪುಡಿ ಅದು. ಅಂಕಲಗಿಯಲ್ಲಿ ಅದರಿಂದ ಹಲ್ಲು ತಿಕ್ಕುತ್ತಾರೆ, ಹುಕ್ಕೇರಿಯ ನನ್ನ ತವರಿನಲ್ಲೂ ತಿಕ್ಕುತ್ತಾರೆ. ಅಂಗಡಿಯಲ್ಲಿ ಅದು ಇರುವುದು ಬೀಡಿಯ ಜೊತೆಗಲ್ಲ, ಸಾಬೂನು ಮತ್ತು ತಲೆಯೆಣ್ಣೆಯ ಸಾಲಿನಲ್ಲಿ. ಗುಟಖಾ ತಿನ್ನುವ ಗಂಡಂದಿರನ್ನು ನಮ್ಮ ಹೆಂಗಸರು ಬಾಯಲ್ಲಿ ಮಿಶ್ರಿ ಇಟ್ಟುಕೊಂಡೇ ಬಯ್ಯುತ್ತಾರೆ, ಮತ್ತು ಅದರಲ್ಲಿ ಅವರಿಗಾಗಲಿ ಗಂಡಂದಿರಿಗಾಗಲಿ ಯಾವ ತಪ್ಪೂ ಕಂಡಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮಂತೆ ದೊಡ್ಡ ಪ್ರಶ್ನೆ ಕೇಳಲಿಲ್ಲ. "ಅವ್ವಾ, ಹಲ್ಲ ಯಾದರಲೆ ತಿಕ್ಕತೀರಿ?" ಎಂದರು. ಅತ್ತೆಯವರು ಅಭಿಮಾನದಿಂದ, "ಮಿಶ್ರೀಲೆರಿ, ಮೂವತ್ತ ವರ್ಷ ಆತು. ಒಂದ ಹಲ್ಲರ ಅಳ್ಳಾಡತೈತೇನ ನೋಡ್ರಿ" ಎಂದು ಬಾಯಿ ತೆರೆದು ತೋರಿಸಿದರು. ಡಾಕ್ಟರು ಅದನ್ನು ಒಂದು ಸಾಲಿನಲ್ಲಿ ಬರೆದರು. ಎರಡು ವರ್ಷ ನಾಲ್ಕು ತಿಂಗಳಲ್ಲಿ ನಮ್ಮ ಓಣಿಯ ದಾರಿ ಗೊತ್ತಾಗದ ತಮ್ಮ ಕಂಪನಿಯ ತನಿಖಾಧಿಕಾರಿ, ಕ್ಲೇಮ್ ಹಾಕಿದ ನಾಲ್ಕೇ ದಿನಕ್ಕೆ ಆಸ್ಪತ್ರೆಯ ದಾರಿ ಹುಡುಕಿಕೊಂಡು ಬಂದು, ಅರವತ್ತು ಹಾಳೆಯ ಕಡತದಲ್ಲಿ ಅದೊಂದೇ ಸಾಲನ್ನು ಫೋಟೋ ಹೊಡೆದುಕೊಂಡು ಹೋದರು. 'ಪಾಲಿಸಿದಾರರು ತಂಬಾಕಿನ ಬಳಕೆಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟಿದ್ದಾರೆ' ಎಂದು ತಮ್ಮ ಕಂಪನಿ ಪತ್ರ ಬರೆಯಿತು.

ಈ ಮುಚ್ಚಿಡುವ ಕೆಲಸವನ್ನು ಅತ್ತೆಯವರು ಮೂವತ್ತು ವರ್ಷ ದಿನಾ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯ ಪಕ್ಕದ ಕಟ್ಟೆಯ ಮೇಲೆ, ಹಾಲಿನವನು, ಶಾಲೆಗೆ ಹೋಗುವ ಮಕ್ಕಳು ಮತ್ತು ಸ್ವತಃ ತಮ್ಮ ಏಜೆಂಟರ ಸಮ್ಮುಖದಲ್ಲಿ ನೆರವೇರಿಸಿದ್ದಾರೆ. ಇಷ್ಟು ಬಹಿರಂಗವಾಗಿ ಮುಚ್ಚಿಟ್ಟ ಗುಟ್ಟನ್ನು ಪತ್ತೆ ಹಚ್ಚಿದ ತಮ್ಮ ಚಾಣಾಕ್ಷತೆಗೆ ನಮ್ಮ ಓಣಿಯವರೆಲ್ಲ ಬೆರಗಾಗಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳಿವೆ. ತಾವು ದಯವಿಟ್ಟು ಏಳನೇ ಪುಟಕ್ಕೆ ಒಂದು ದಿನ ರಜೆ ಹಾಕಿ, ಗೋಕಾಕದಿಂದ ಮೊದಲ ಬಸ್ಸು ಹತ್ತಿ ಬಂದು, ನಮ್ಮ ಕಟ್ಟೆಯ ಮೇಲೆ ಕುಳಿತು ತಮ್ಮನ್ನು ತಾವೇ ಕನ್ನಡದಲ್ಲಿ ಕೇಳಿಕೊಳ್ಳಬೇಕು. ಅದು ಆಗದಿದ್ದರೆ ಡಾಕ್ಟರು ಕೊಯ್ದು ತೆಗೆದ ಸದರಿ ಗಡ್ಡೆಗೆ ಒಂದು ನೋಟಿಸು ಕಳಿಸಿ, ಅರ್ಜಿ ಸರಿಯಾಗಿ ತುಂಬುವವರೆಗೆ ಮತ್ತೆ ಬೆಳೆಯಕೂಡದೆಂದು ತಾಕೀತು ಮಾಡಬೇಕು. ತಮ್ಮ ಮಾತಿಗೆ ಐದು ಲಕ್ಷ ರೂಪಾಯಿಯೇ ಹೆದರಿ ನಿಂತಿರುವಾಗ ಒಂದು ಗಡ್ಡೆ ನಿಲ್ಲಲಾರದೇ?

ಒಂದು ವಿಷಯವನ್ನು ಮಾತ್ರ ವ್ಯಂಗ್ಯವಿಲ್ಲದೆ ಬರೆಯುತ್ತೇನೆ. ತಿಂಗಳ ಸಂತೆಯ ಚೀಟಿಯಲ್ಲಿ ಸಾಬೂನಿನ ಕೆಳಗೆ 'ಮಿಶ್ರಿ, ಒಂದು ಡಬ್ಬಿ' ಎಂದು ಹನ್ನೊಂದು ವರ್ಷ ಬರೆದವಳು ನಾನು. ಪಿಯುಸಿ ಓದಿದವಳು, ಕ್ಯಾನ್ಸರಿಗೆ ಹೆದರಿ ಪಾಲಿಸಿ ಮಾಡಿಸಿದವಳು, ಅದೇ ಕೈಯಿಂದ ಆ ಡಬ್ಬಿಯನ್ನೂ ತಂದುಕೊಟ್ಟೆ. ಆ ತಪ್ಪು ನನ್ನದು. ಅದಕ್ಕೆ ಅತ್ತೆಯವರ ಚಿಕಿತ್ಸೆ ನಿಲ್ಲಿಸುವುದು ಯಾವ ಸೀಮೆಯ ನ್ಯಾಯ ಎಂಬುದನ್ನು ಹನ್ನೆರಡನೇ ಪ್ರಶ್ನೆಯಾಗಿ ತಮ್ಮ ಕೆಳಗೆ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ನಂಬಿಕೆಗೆ ಅರ್ಹರಲ್ಲವೆಂದು ಲಿಖಿತವಾಗಿ ಸಾಬೀತಾದ ಮನೆತನದ,
ಆದಾಗ್ಯೂ ತಮ್ಮ ವಿಶ್ವಾಸಿ,
ಶೋಭಾ

ತಾಜಾ ಕಲಂ: ಪತ್ರ ಮಡಚುವಷ್ಟರಲ್ಲಿ ತಮ್ಮ ಕಂಪನಿಯ ದೂರು ವಿಭಾಗದಿಂದ ಒಬ್ಬ ಹುಡುಗಿಯ ಫೋನ್ ಬಂತು. ಪಾಲಿಸಿದಾರರೇ ಸ್ವಂತ ಬಾಯಿಂದ ದೂರು ಹೇಳಬೇಕಂತೆ, ಸೊಸೆ ಹೇಳಿದರೆ ನಡೆಯುವುದಿಲ್ಲವಂತೆ. ಡಾಕ್ಟರು ಅರ್ಧ ನಾಲಿಗೆ ತೆಗೆದಿದ್ದಾರೆ ಎಂದೆ. ನಿಯಮ ನಿಯಮವೇ ಎಂದಳು. ಅತ್ತೆಯವರಿಗೆ ಕೊಟ್ಟೆ. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲು ಆ ಹುಡುಗಿಗೆ ಊಟವಾಯಿತೇ ಎಂದು ಕೇಳಿ, ಆಮೇಲೆ ಏಳು ನಿಮಿಷ ಎಲ್ಲವನ್ನೂ ಹೇಳಿದರು. ನನಗೆ ಒಂದೊಂದು ಮಾತೂ ತಿಳಿಯಿತು. ಫೋನ್ ಇಟ್ಟ ಮೇಲೆ ಮೊಬೈಲಿಗೆ ಬಂದ ಸಂದೇಶ ಹೀಗಿದೆ: 'ಗ್ರಾಹಕರು ಏನನ್ನೂ ತಿಳಿಸಲಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.'