ನಾನು ಗೆಸ್ಟ್ ಏಜೆಂಟನ್ನು ಸುಧಾರಿಸಿದ್ದು

ಕಾರ್ಕಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು ನಾನು. ಆದ್ದರಿಂದ ನನಗೆ ಕಂಪ್ಯೂಟರ್ ಬರುತ್ತದೆಂದು ಊರಿನವರು ನಂಬಿದ್ದರು. ನಾನೂ ನಂಬಿದ್ದೆ!

ಕಟಪಾಡಿಯ ನಮ್ಮ ಮನೆಯಲ್ಲಿ ಹೆಂಡತಿ ವಿದ್ಯಾ ಕೃಷ್ಣಾಷ್ಟಮಿಗೆ ಚಕ್ಕುಲಿ, ಉಂಡೆ ಮಾಡಿ ಮಾರುತ್ತಾಳೆ. ಆರ್ಡರ್ ಹಿಡಿಯಲು ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಅದು ಇರುವುದು ಕ್ಲೌಡ್ ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ಲಿನಕ್ಸ್ ಯಂತ್ರದಲ್ಲಿ. ಅದರೊಳಗೆ 'ಗೆಸ್ಟ್ ಏಜೆಂಟ್' ಎಂಬ ಪುಟ್ಟ ತಂತ್ರಾಂಶ ಉಂಟು. ಕಂಪನಿಯೊಡನೆ ಮಾತುಕತೆ ನಡೆಸುವುದು, ನಮ್ಮ ಕೀಲಿ ನೋಡಿ ನಮ್ಮನ್ನು ಒಳಗೆ ಬಿಡುವುದು ಅದರ ಕೆಲಸ.

ಅಷ್ಟಮಿಗೆ ಮೂರು ದಿನ ಇರುವಾಗ ಕಂಪನಿಯಿಂದ ಮೇಲ್ ಬಂತು: 'ನಿಮ್ಮ ಏಜೆಂಟ್ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ.'

ನಮ್ಮದು ಸ್ಟೇಬಲ್ ಆವೃತ್ತಿಯ ಲಿನಕ್ಸ್. ಅದರಲ್ಲಿ ಏನನ್ನೂ ಸುಮ್ಮಸುಮ್ಮನೆ ಬದಲಿಸುವುದಿಲ್ಲ. ಅಂದಮೇಲೆ ಏಜೆಂಟ್ ಹಳೆಯದೇ ಇರಬೇಕು! ತೆರೆದು ನೋಡುವಷ್ಟು ಅಜ್ಞಾನಿ ನಾನಲ್ಲ. ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಲಿನಕ್ಸ್‌ನ ಮುಂದಿನ ಆವೃತ್ತಿಯಿಂದ ಹೊಸ ಏಜೆಂಟನ್ನು ತರಲು ಹೊರಟೆ.

"ಈಗ ಬೇಕಾ ಅದು? ಹಬ್ಬ ಮುಗಿಯಲಿ," ಎಂದಳು ವಿದ್ಯಾ.

"ಎರಡು ನಿಮಿಷದ ಕೆಲಸ ಮಾರಾಯ್ತಿ!"

ಏಜೆಂಟ್ ಒಬ್ಬನೇ ಬರಲಿಲ್ಲ. ನೆಂಟರಿಷ್ಟರ ದಿಬ್ಬಣವನ್ನೇ ಕರೆತಂದ. ಅವನಿಗೆ ಬೇಕಾದ ಬೇರೆ ನಲವತ್ತು ಪ್ಯಾಕೇಜುಗಳು! 'ಮುಂದುವರಿಯಲೇ?' ಎಂದಿತು ಯಂತ್ರ. ಹೌದು. 'ಹಳೆಯ ಸೆಟ್ಟಿಂಗ್ ಉಳಿಸಲೇ, ಹೊಸದು ಹಾಕಲೇ?' ಹೊಸದು! 'ರೀಸ್ಟಾರ್ಟ್?' ಖಂಡಿತ!

ಯಂತ್ರ ಎದ್ದಿತು. ನನ್ನನ್ನು ಮಾತ್ರ ಗುರುತಿಸಲಿಲ್ಲ. 'ಪ್ರವೇಶ ನಿರಾಕರಿಸಲಾಗಿದೆ.' ವೆಬ್‌ಸೈಟ್ ಏಳಲೇ ಇಲ್ಲ.

"ಎಂತ ಮಾಡಿದ್ರಿ ಮಾರಾಯ್ರೆ?"

"ಸುಧಾರಣೆ."

"ಆರ್ಡರ್ ಎಲ್ಲಿ?"

"ಕ್ಷೇಮವಾಗಿ ಒಳಗುಂಟು. ನಾವು ಹೊರಗಿದ್ದೇವೆ."

ಹಿಟ್ಟು ಕಲಸುತ್ತಿದ್ದ ಅವಳ ಕೈ ನಿಂತಿತು. "ಬ್ಯಾಕಪ್ ಬಗ್ಗೆ ಮಕ್ಕಳಿಗೆ ಪಾಠ ಮಾಡ್ತೀರಲ್ಲ, ಇದರದ್ದು?"

"ಪಾಠ ಮಾಡಿ ಸುಸ್ತಾಗಿತ್ತು."

ನಾನು ಧೈರ್ಯಗೆಡಲಿಲ್ಲ. 'ಆರ್ಡರ್ ಕೊಟ್ಟವರು ದಯವಿಟ್ಟು ಇನ್ನೊಮ್ಮೆ ತಿಳಿಸಿ' ಎಂದು ವಾಟ್ಸಾಪ್‌ನಲ್ಲಿ ಹಾಕಿದೆ. ಕೊಟ್ಟವರೂ ತಿಳಿಸಿದರು, ಕೊಡದವರೂ ತಿಳಿಸಿದರು! ಸಂತೆಕಟ್ಟೆಯ ದೊಡ್ಡಮ್ಮ ಫೋನ್ ಮಾಡಿ, "ನಾನು ಕೊಟ್ಟಿದ್ದೇನಾ ನೆನಪಿಲ್ಲ ಮಗಾ. ಯಾವುದಕ್ಕೂ ಐವತ್ತು ಉಂಡೆ ಬರೆದುಕೋ," ಎಂದರು. ಸಂಜೆಯೊಳಗೆ ಬೇಡಿಕೆ ದುಪ್ಪಟ್ಟಾಯಿತು.

ಕೊನೆಗೆ ಮಣಿಪಾಲದಲ್ಲಿರುವ ನನ್ನ ಸಹೋದ್ಯೋಗಿ ನಂದಿನಿ ಮೇಡಂಗೆ ಶರಣಾದೆ. ಅವರು ನಮ್ಮ ಯಂತ್ರದ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ, ಅರ್ಧ ಗಂಟೆಯಲ್ಲಿ ಆರ್ಡರ್ ಪಟ್ಟಿ ತೆಗೆದುಕೊಟ್ಟರು. ಆಮೇಲೆ ಡಿಸ್ಕಿನಲ್ಲಿದ್ದ ಅಪ್‌ಡೇಟ್ ದಾಖಲೆಯನ್ನು ತೆರೆದು ಓದಿದರು.

"ಸರ್, ಕ್ಲೌಡ್ ಬದಲಾಗ್ತಾ ಇರ್ತದಲ್ವಾ? ಅದಕ್ಕೇ ಈ ಏಜೆಂಟಿಗೆ ಮಾತ್ರ ಸ್ಟೇಬಲ್‌ನಲ್ಲೂ ಹೊಸದನ್ನು ಪರೀಕ್ಷಿಸಿ ಕೊಡ್ತಾರೆ. ನಿಮ್ಮದು ಕಳೆದ ವಾರವೇ ತನ್ನಷ್ಟಕ್ಕೆ ಅಪ್‌ಡೇಟ್ ಆಗಿತ್ತು."

"ಹಾಗಾದರೆ ನಾನು ಮಾಡಬೇಕಾಗಿದ್ದದ್ದು?"

"ಏನೂ ಇಲ್ಲ ಸರ್."

ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಾಡಿದ್ದೆ!

ವಾಟ್ಸಾಪ್‌ನಲ್ಲಿ ಒಪ್ಪಿಕೊಂಡ ಹೆಚ್ಚಿನ ಆರ್ಡರನ್ನೂ ಮುಗಿಸಲು ಮರುದಿನ ರಜೆ ಹಾಕಿ ಚಕ್ಕುಲಿ ಒತ್ತಲು ಕುಳಿತೆ. ನಾಲ್ಕನೆಯ ಚಕ್ಕುಲಿ ಪ್ರಶ್ನಾರ್ಥಕ ಚಿಹ್ನೆಯಾದಾಗ ವಿದ್ಯಾ ಚಕ್ಕುಲಿ ಒರಳನ್ನು ಕಸಿದುಕೊಂಡು, "ನೀವು ಡಬ್ಬಿಗೆ ಮುಚ್ಚಳ ಹಾಕಿ, ಸಾಕು," ಎಂದಳು.

ಬಹಳ ಶ್ರದ್ಧೆಯಿಂದ ಹಾಕಿದೆ. ಹನ್ನೆರಡು ಡಬ್ಬಿ ಮುಚ್ಚಿದ ಮೇಲೆಯೇ ತಿಳಿದದ್ದು, ಅವುಗಳಿಗೆ ಚಕ್ಕುಲಿ ಇನ್ನೂ ತುಂಬಿರಲಿಲ್ಲ!