ತೆರಿಗೆತಿಮ್ಮನ ಪಕ್ಕದ ವ್ಯವಹಾರ

"ಅಮ್ಮಾ, ಗೋಡೆಗೂ ಕಿವಿಯಿದೆ ಅಂತೀಯಲ್ಲ? ಇದು ಆ ಕಿವಿ ಹಿಂಡಿ ಲೆಕ್ಕ ಕಕ್ಕಿಸುತ್ತೆ!"

ಮಗಳು ಭಾರ್ಗವಿ ತಂದಿಟ್ಟ ಯಂತ್ರವನ್ನು ನೋಡಿ, ಹುರುಳಿಕಾಯಿ ಹೆಚ್ಚುತ್ತಿದ್ದ ನಾನು ತಟ್ಟೆಯನ್ನು ಸ್ವಲ್ಪ ದೂರ ಸರಿಸಿಕೊಂಡೆ. ಸುಟ್ಟ ಮಿಕ್ಸಿಯ ಹೊಟ್ಟೆ, ಅದರ ನೆತ್ತಿಗೆ ನನ್ನ ಎಣ್ಣೆ ಆಲಿಕೆ! ಹೆಸರು ತೆರಿಗೆತಿಮ್ಮ.

ಭಾರ್ಗವಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಂಜೆ ಹೊತ್ತು ಮೈಸೂರಿನ ನಮ್ಮ ವಠಾರದವರ ಮಿಕ್ಸಿ, ಗ್ರೈಂಡರು ರಿಪೇರಿ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ಆ ನಾಲ್ಕು ಕಾಸೇ ಈಗ ತಲೆನೋವಾಗಿತ್ತು. ಆದಾಯ ತೆರಿಗೆ ರಿಟರ್ನ್ ಹಾಕಲು ಅವತ್ತೇ ಕಡೆಯ ದಿನ.

"ಸಂಬಳಕ್ಕೆ ಸ್ಕೂಲಿನವರೇ ತೆರಿಗೆ ಹಿಡಿದಿದ್ದಾರಲ್ಲೇ?"

"ರಿಪೇರಿ ದುಡ್ಡಿಗೆ ಯಾರಮ್ಮ ಹಿಡಿದಿದ್ದಾರೆ? ಅದನ್ನ ನಾನೇ ತೋರಿಸ್ಬೇಕು. ತಂತಿ, ಬ್ಲೇಡಿನ ಖರ್ಚು ಕಳೆದು, ಉಳಿದದ್ದನ್ನ ಸಂಬಳಕ್ಕೆ ಸೇರಿಸ್ಬೇಕು. ಎಷ್ಟು ಬಂತು, ಎಷ್ಟು ಹೋಯ್ತು, ನಂಗೊಂದೂ ನೆನಪಿಲ್ಲ. ಗೋಡೆಗಿರುತ್ತೆ!"

'ಸೈಡ್ ಬಿಸಿನೆಸ್' ಎಂದರೆ ಕನ್ನಡಕ್ಕೆ ಅವಮಾನವೆಂದು ಶುದ್ಧ ಕನ್ನಡದಲ್ಲೇ ಅವಳ ಅಪ್ಪಣೆಯಾಯಿತು: "ತಿಮ್ಮಾ, ಪಕ್ಕದ ವ್ಯವಹಾರದ ಆದಾಯ ಹೇಳು!"

ತಿಮ್ಮ ಗುರ್ರೆಂದ. ಆಲಿಕೆ ಪಕ್ಕದ ಮನೆಯ ಗೋಡೆಯತ್ತ ತಿರುಗಿತು.

"ಪಕ್ಕದ ಜಯಶೀಲಮ್ಮ! ಚಕ್ಕುಲಿ, ಕೋಡುಬಳೆ ಮಾರಾಟ! ಗಂಡನಿಗೆ ಗೊತ್ತಿಲ್ಲ!"

ಗೋಡೆಯಾಚೆ ಏನೋ ಠಣ್ಣೆಂದು ಬಿತ್ತು. ಹಿಂದೆಯೇ ಅವರ ಯಜಮಾನರು ನಂಜುಂಡಯ್ಯನವರ ದನಿ: "ಏನೇ ಇದು? ಮೂಗುಬೊಟ್ಟು ತವರಿಂದ ಬಂತು ಅಂದೆ?"

"ಪಕ್ಕದ ನಂಜುಂಡಯ್ಯ! ಭಾನುವಾರ ಜಾತಕ ನೋಡಿ ದಕ್ಷಿಣೆ! ಹೆಂಡತಿಗೆ ಗೊತ್ತಿಲ್ಲ!"

"ಭಜನೆಗೆ ಹೋಗ್ತೀನಿ ಅಂತಿದ್ರಿ!"

"ತೆಗಿಯೇ ಅದರ ವೈರು!" ಎಂದೆ.

"ವೈರೇ ಇಲ್ಲಮ್ಮ! ಗೋಡೆ ಬಿಸಿಯಲ್ಲೇ ಓಡುತ್ತೆ!" ಆ ಗಾಬರಿಯಲ್ಲೂ ನನ್ನ ಕೂಸಿನ ಮುಖದಲ್ಲಿ ಹೆಮ್ಮೆ!

ತಿಮ್ಮ ಪಕ್ಕದ ಪಕ್ಕಕ್ಕೆ ದಾಟಿದ. ಅದರ ಪಕ್ಕಕ್ಕೂ ಹೋದ. ಟ್ಯೂಷನ್ನು, ಹೂವಿನ ವ್ಯಾಪಾರ, ಬಾಡಿಗೆಗೆ ಬಿಟ್ಟ ಸ್ಕೂಟರು, ಎಲ್ಲ ಬೀದಿಗೆ ಬಂತು! ವಠಾರಕ್ಕೆ ವಠಾರವೇ ನಮ್ಮ ಬಾಗಿಲಲ್ಲಿ ನೆರೆಯಿತು. ಮುಂದೆ ಎಣ್ಣೆ ಸೋರುವ ಜಾಲರಿ ಹಿಡಿದ ಜಯಶೀಲಮ್ಮ.

"ಊರವರದ್ದೆಲ್ಲ ಒದರ್ತು. ನಿಮ್ಮ ಮಗಳದ್ದು ಮಾತ್ರ ಯಾಕ್ರೀ ಬಾಯಿ ಬಿಡಲ್ಲ?"

ಭಾರ್ಗವಿ ಮೂಲೆಯಲ್ಲಿ ಕುಸಿದು ಕೂತಳು. "ನಂದೊಂದೇ ಗೊತ್ತಾಗ್ಲಿಲ್ಲಮ್ಮ. ಏನಂತ ರಿಟರ್ನ್ ಹಾಕ್ಲಿ? ಸುಳ್ಳು ಬರೀಲಾ?"

ಅವಳ ತಲೆ ಸವರುವಾಗ ನನಗೆ ಹೊಳೆಯಿತು. ಪಾಪ, ತಿಮ್ಮನದೇನು ತಪ್ಪು? ನಮಗೆ ನಾವು ಪಕ್ಕದವರಲ್ಲವಲ್ಲ!

"ಜಯಶೀಲಮ್ಮ, ಇದನ್ನ ಒಂದು ಗಳಿಗೆ ನಿಮ್ಮನೇಲಿಟ್ಕೊಳ್ಳಿ. ಅಲ್ಲಿಂದ ನಾವೇ ಪಕ್ಕದವರು."

ಜಯಶೀಲಮ್ಮನ ಕಣ್ಣು ಮಿನುಗಿತು. ಜಾಲರಿಯನ್ನು ಗಂಡನ ಕೈಗಿತ್ತು, ತಿಮ್ಮನನ್ನು ಎತ್ತಿಕೊಂಡೇ ಹೋದರು.

"ಪಕ್ಕದ ಭಾರ್ಗವಿ!" ಗೋಡೆ ನಡುಗಿತು. ಕೂಲಿ ಎಷ್ಟು, ಬ್ಲೇಡಿಗೆಷ್ಟು, ತಂತಿಗೆಷ್ಟು ಎಂದು ತಿಮ್ಮ ಕೂಗುತ್ತಿದ್ದಂತೆ ಅವಳು ಹೊಸ್ತಿಲ ಮೇಲೆ ಕೂತು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು.

"ರಿಪೇರಿಗೆ ಬಂದ ಮಿಕ್ಸಿಗಳಲ್ಲಿ ತಾಯಿ ಅರೆದ ಬೆಳ್ಳುಳ್ಳಿ ಚಟ್ನಿ! ಇದು ಆದಾಯವಲ್ಲ!"

"ಅದಕ್ಕೇನ್ರೀ ನಮ್ಮ ಜಾರು ನಾರ್ತಿತ್ತು!" ಆಚೆಯಿಂದ ಜಯಶೀಲಮ್ಮ.

"ಟೆಸ್ಟಿಂಗ್ ಕಣ್ರೀ!" ಈಚೆಯಿಂದ ನಾನು.

ಸಂಜೆಯೊಳಗೆ ಒಂದು ಕಾಸೂ ಬಚ್ಚಿಡದೆ ರಿಟರ್ನ್ ಹಾಕಿದ್ದಾಯಿತು. ಭಾರ್ಗವಿ ನೆಮ್ಮದಿಯಿಂದ ಎರಡು ಸಲ ಅನ್ನ ಬಡಿಸಿಕೊಂಡಳು. ಮರುದಿನ ಯಂತ್ರ ಕೇಳಲು ಹೋದೆ. ಅಲ್ಲಿ ವಠಾರದ ಹೆಂಗಸರೆಲ್ಲ ಚಕ್ಕುಲಿ ಒತ್ತುತ್ತಾ ತಿಮ್ಮನ ಸುತ್ತ ಕೂತಿದ್ದರು. ತಿಮ್ಮ ನಮ್ಮ ಮನೆಯ ಹಳೇ ಜಗಳಗಳನ್ನು ಒಂದೊಂದಾಗಿ ಹೇಳುತ್ತಿದ್ದ!

"ಇರ್ಲಿ ಬಿಡ್ರೀ, ಧಾರಾವಾಹಿಗಿಂತ ಚೆನ್ನಾಗಿದೆ," ಎಂದರು ಜಯಶೀಲಮ್ಮ.

ಮಗಳ ರಿಟರ್ನ್ ಹೋಯಿತು. ತಿಮ್ಮ ಮಾತ್ರ ಇನ್ನೂ ರಿಟರ್ನ್ ಬಂದಿಲ್ಲ.