ಮಾವನ ಭದ್ರತೆ, ಅಮ್ಮನ ಓಲೆ

ಭದ್ರತೆಯ ವಿಷಯದಲ್ಲಿ ನಮ್ಮ ಸೋದರಮಾವನಷ್ಟು ತಿಳಿದವರು ಬಂಗಾರಪೇಟೆಯಲ್ಲಿ ಇನ್ನೊಬ್ಬರಿಲ್ಲ. ಅವರು ರಜೆಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಕಳೆದುಹೋಗುತ್ತದೆ, ಅಷ್ಟೇ.

ಮಾವ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಅಪರಾಧ ನ್ಯಾಯ ಮತ್ತು ಅಂತರರಾಷ್ಟ್ರೀಯ ಭದ್ರತೆ ಕಲಿಸುವ ಪ್ರೊಫೆಸರ್. ಯಾವ ದೇಶದ ಗಡಿಯಲ್ಲಿ ಎಲ್ಲಿ ಬಿರುಕಿದೆ ಎಂದು ಬಾಯಿಪಾಠ ಹೇಳುತ್ತಾರೆ. ನಮ್ಮ ಹಿತ್ತಲ ಬಾಗಿಲಿನ ಚಿಲಕ ಮಾತ್ರ ಇವತ್ತಿಗೂ ಅವರಿಗೆ ಬಗ್ಗಿಲ್ಲ.

"ಇಂಟರ್‌ನ್ಯಾಷನಲ್ ಅಂದ್ರೆ ಎಲ್ಲೀಗಂಟ್ಲಾ? ಕಾಮಸಮುದ್ರ ದಾಟಿದ್ರೆ ಆಂಧ್ರ ಬತ್ತದಲ್ಲ, ಅಲ್ಲೀಗಂಟಾ?" ಎಂದು ಅಮ್ಮ ತಮ್ಮನನ್ನು ಕೆಣಕುತ್ತಾಳೆ.

"ಊಂ ಅಕ್ಕ, ಇನ್ನೊಂಚೂರು ಮುಂದಕ್ಕೆ."

ಅವರನ್ನು ನೋಡಿ ನಗಲು ನನಗೇನು ಹಕ್ಕಿದೆ? ನಾನು ಪತ್ರಿಕೆಯ ಅಪರಾಧ ವರದಿಗಾರ. ಊಟಕ್ಕೆ ಕೂತರೂ 'ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನಲಾಗಿದೆ' ಎನ್ನುವ ಜಾತಿ.

ಮಾವ ಈ ವಿಷಯ ಹಿಡಿದದ್ದು ತಾತನಿಂದಾಗಿ. ಊರಿಗಾಂನಲ್ಲಿ ಕಾರ್ಮಿಕರ ಲೈನ್‌ಮನೆಯಲ್ಲಿದ್ದ ತಾತ ಚಿನ್ನದ ಗಣಿಯಿಂದ ಮೇಲೆ ಬಂದಾಗಲೆಲ್ಲ, ಗೇಟಿನಲ್ಲಿ ಎರಡೂ ಕೈ ಎತ್ತಿ ನಿಲ್ಲಬೇಕಿತ್ತಂತೆ; ಮೈ ತಡಕಿದ ಮೇಲೆಯೇ ಮನೆಗೆ ಬಿಡುತ್ತಿದ್ದದ್ದು. ಜೀವಮಾನವಿಡೀ ಚಿನ್ನ ಅಗೆದ ತಾತ ಮನೆಗೆ ತಂದ ಚಿನ್ನವೆಂದರೆ, ಅಮ್ಮನಿಗೆಂದು ಅಂಗಡಿಯಲ್ಲಿ ಕೊಂಡ ಒಂದು ಜೊತೆ ಓಲೆ.

ಮೊನ್ನೆ ಮಾಯವಾದದ್ದು ಅದೇ ಓಲೆ.

ಎಣ್ಣೆಸ್ನಾನಕ್ಕೆಂದು ಬಿಚ್ಚಿ ಅಮ್ಮ ಕಿಟಕಿಯಲ್ಲಿಟ್ಟಿದ್ದಳು. ಸ್ನಾನ ಮುಗಿಸಿ ಬಂದರೆ ಇಲ್ಲ. ಮಾವ ಕನ್ನಡಕ ಏರಿಸಿ, "ಯಾರೂ ಕದಲಬೇಡಿ" ಎಂದರು. ಕೊಟ್ಟಿಗೆಯ ಹಸು ಕೂಡ ಕದಲಲಿಲ್ಲ! ಕಿಟಕಿಯ ನಕ್ಷೆ ಬರೆದು, ಬಾಣದ ಗುರುತು ಹಾಕಿ, "ಇದು ಒಳಗಿನವರದೇ ಕೈವಾಡ" ಎಂದು ತೀರ್ಮಾನಿಸಿದರು.

ನನ್ನ ತನಿಖೆ ಇನ್ನೂ ಚುರುಕು. ಹಾಲು ಕರೆದು ಹೊರಟಿದ್ದ ಮುನಿಯಮ್ಮನ ಚೀಲದ ಮೇಲೆ ಕಣ್ಣು ಹೋಯಿತು. ತಲೆಬರಹವೂ ಸಿದ್ಧವಾಯಿತು. ಬಾಯಿ ಬಿಡಲಿಲ್ಲ ನಿಜ, ಬಿಡಬೇಕಾಗಿಯೂ ಇರಲಿಲ್ಲ. ಆಕೆ ಚೀಲವನ್ನು ಅಂಗಳಕ್ಕೆ ಸುರಿದಳು: ಊಟದ ಡಬ್ಬಿ, ಎಲೆಅಡಿಕೆ, ಒಂದು ಬಾಚಣಿಗೆ. ಆಮೇಲೆ ಎರಡೂ ಕೈ ಮೇಲೆತ್ತಿದಳು.

"ಮೈಯೂ ತಡಕ್ಕಳಿ. ನಾಳೆಯಿಂದ ಬರಾಕಿಲ್ಲ ಕಣಕ್ಕ. ಅನುಮಾನದ್ ಮನೇಲಿ ನನ್ ಕೈಲಿ ಹಾಲು ಕರ್ಯಾಕಾಗಲ್ಲ."

ಆ ಎತ್ತಿದ ಕೈಗಳನ್ನು ಕಂಡು ಮಾವ ಬಿಳಿಚಿಕೊಂಡರು. ಅಮ್ಮ ಅವರ ಕಡೆ ತಿರುಗಿದಳು.

"ಲೇ, ಕಿಟಕೀಲಿದ್ದುದ್ನ ನೀನೇನಾನ ಮುಟ್ಟಿದ್ಯೇನ್ಲಾ?"

"ಕಿಟಕಿ ಸುರಕ್ಷಿತ ಅಲ್ಲ ಅಂತ ನಾನೇ ಎತ್ತಿಟ್ಟು, ಮರೆತೇಬಿಟ್ಟೆ ಅಕ್ಕ..." ಎನ್ನುತ್ತಲೇ ಅವರು ಅಡುಗೆಮನೆಗೆ ಹೋದರು. ರಾಗಿಹಿಟ್ಟಿನ ಡಬ್ಬದಲ್ಲಿ ಮೊಣಕೈವರೆಗೆ ತೋಳು ಇಳಿಸಿ, ಓಲೆಯನ್ನು ಮೇಲೆತ್ತಿದರು. ಆ ಮನೆತನದಲ್ಲಿ ಚಿನ್ನ ಅಗೆದು ತೆಗೆದ ಎರಡನೆಯ ತಲೆಮಾರು.

ಯಾರೂ ನಗಲಿಲ್ಲ. ಓಲೆಯನ್ನು ಅಕ್ಕನಿಗೆ ಕೊಟ್ಟು, ಮಾವ ಮುನಿಯಮ್ಮನ ಎದುರಿಗೆ ಬಂದು, ಹಿಟ್ಟು ಮೆತ್ತಿದ ಕೈಗಳನ್ನು ಮೇಲೆತ್ತಿ ನಿಂತರು. ಅವರ ಪಕ್ಕಕ್ಕೆ ಹೋಗಿ ನಾನೂ ಕೈ ಎತ್ತಿದೆ.

ಮುನಿಯಮ್ಮ ನಮ್ಮಿಬ್ಬರನ್ನೂ ನೋಡಿದಳು. ಮಾವನ ಕೈಗಳನ್ನು ತಾನೇ ಹಿಡಿದು ಇಳಿಸಿದಳು.

"ಸಾಕು ಇಳಿಸಣ್ಣ, ಹಿಟ್ಟೆಲ್ಲ ಉದುರ್ತೈತೆ. ಬೆಳಿಗ್ಗೆ ಬತ್ತೀನಿ."